ಎಡವುವ ಹಕ್ಕು ಯಾರದು?

ತಪ್ಪು ಮಾಡುವ ಹಕ್ಕು ಈ ದೇಶದಲ್ಲಿ ಯಾರಿಗಿದೆ?

ಈ ಪ್ರಶ್ನೆಯನ್ನು ನಾವು ನೀತಿಶಾಸ್ತ್ರದ ಪುಸ್ತಕ ಬಿಚ್ಚಿಕೊಂಡು ಕೇಳುತ್ತಿಲ್ಲ. ಲಾರಿಯೊಂದರ ಹಿಂಬದಿ ಮೂಲೆಯಲ್ಲಿ ಬಿದ್ದ ಒಂದು ಗೀರನ್ನು ಮುಂದಿಟ್ಟುಕೊಂಡು ಕೇಳುತ್ತಿದ್ದೇವೆ. ಉಳ್ಳವರ ಮನೆಯ ಹುಡುಗ ಕಾರು ಕಲಿಯುವಾಗ ಕಾಂಪೌಂಡ್ ಗೋಡೆಗೆ ಉಜ್ಜುತ್ತಾನೆ. ಮನೆಯವರು ನಗುತ್ತಾರೆ. ‘ಕಲೀತಾ ಇದಾನೆ, ಆಗ್ತದೆ ಬಿಡಿ’ ಅಂತಾರೆ. ಅದೇ ಊರಿನ ಕೇರಿಯ ಹುಡುಗ, ಹೊಸದಾಗಿ ಲಾರಿ ಹತ್ತಿದವನು, ಗೋಡೌನಿನ ಮುಂದೆ ರಿವರ್ಸ್ ತಗೊಳ್ಳುವಾಗ ಕಂಬಕ್ಕೆ ತಾಗಿಸುತ್ತಾನೆ. ‘ಬೀಗದ ಕೈ ಇಟ್ಟು ನಡಿಯಲೇ’ ಅಂತಾರೆ. ಆಮೇಲೆ ಅಂಗಡಿ ಕಟ್ಟೆಯ ಮೇಲೆ ಇನ್ನೊಂದು ಮಾತು ಹುಟ್ಟುತ್ತದೆ: ‘ಆ ಜನರ ಕೈಗೆ ಸ್ಟೇರಿಂಗ್ ಕೊಟ್ರೆ ಇನ್ನೇನಾಗ್ತದೆ.’ ಗೀರಿನ ಉದ್ದ ಎರಡು ಕಡೆಯೂ ಒಂದೇ. ಆದರೆ ಒಬ್ಬನ ಗೀರು ಅವನ ಕಲಿಕೆಯ ಖಾತೆಗೆ ಹೋಗುತ್ತದೆ, ಇನ್ನೊಬ್ಬನದು ಅವನ ಹುಟ್ಟಿನ ಖಾತೆಗೆ.

‘ನಡೆಯುವವರು ಎಡವದೆ ಕುಳಿತವರು ಎಡವುವರೇ’ ಅನ್ನೋ ಗಾದೆ ನಮ್ಮ ಜನರ ಬಾಯಲ್ಲಿದೆ. ಇದು ನಡೆದು ದುಡಿದವರು ಕಟ್ಟಿದ ಗಾದೆ. ಕುಳಿತು ಲೆಕ್ಕ ಬರೆಯುವವರಿಗೆ ಇದು ಅರ್ಥವಾಗುವುದಿಲ್ಲ. ಅವರ ದೃಷ್ಟಿಯಲ್ಲಿ ಎಡವಿದವನು ಅಯೋಗ್ಯ. ತಾವು ಯಾಕೆ ಎಡವಲಿಲ್ಲ ಅಂದರೆ ತಾವು ನಡೆಯಲೇ ಇಲ್ಲ ಅನ್ನೋದು ಅವರಿಗೆ ಹೊಳೆಯುವುದೇ ಇಲ್ಲ.

ಲಾರಿ ಓಡಿಸುವುದು ಅಂದರೆ ಏನು ಅಂತ ಸ್ಟೇರಿಂಗ್ ಹಿಡಿಯದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಉದ್ದನೆಯ ಗಾಡಿ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲೇ ಹೋಗುವುದಿಲ್ಲ. ಅವು ಒಳಗಡೆಗೆ ಕತ್ತರಿಸಿಕೊಂಡು ಬರುತ್ತವೆ. ಹಿಂಚಕ್ರದಿಂದ ಆಚೆಗೆ ಚಾಚಿಕೊಂಡಿರುವ ಬಾಡಿ ಮಾತ್ರ ಹೊರಗಡೆಗೆ ಬೀಸುತ್ತದೆ. ಅಂದರೆ ಎಡಕ್ಕೆ ತಿರುಗಿಸುವವನು ಎಡಗಡೆಯ ಮೂಲೆಗಲ್ಲನ್ನೂ ಬಲಗಡೆಯ ಹಿಂಭಾಗವನ್ನೂ ಒಂದೇ ಹೊತ್ತಿಗೆ ಕಾಯಬೇಕು. ಖಾಲಿ ಗಾಡಿ ನಿಲ್ಲುವ ದೂರ ಬೇರೆ, ಲೋಡು ತುಂಬಿದ ಗಾಡಿ ನಿಲ್ಲುವ ದೂರ ಬೇರೆ. ಹತ್ತಿಯೋ ಹೊಟ್ಟೋ ಏರಿಸಿ ಟಾರ್ಪಾಲು ಬಿಗಿದ ಮೇಲೆ ಗಾಡಿಯ ಎತ್ತರವೇ ಬೇರೆ. ದಾರಿಬದಿಯ ಹುಣಸೆ ಕೊಂಬೆ, ಜೋತುಬಿದ್ದ ಕರೆಂಟಿನ ತಂತಿ ಎಲ್ಲವೂ ಲೆಕ್ಕಕ್ಕೆ ಬರಬೇಕು. ಶಿರಾಡಿ ಘಾಟಿ ಇಳಿಯುವಾಗ ಗಾಡಿಯನ್ನು ಗೇರಿನಲ್ಲೇ ಹಿಡಿಯಬೇಕು. ಬ್ರೇಕನ್ನೇ ನಂಬಿ ತುಳಿಯುತ್ತಾ ಹೋದರೆ ಡ್ರಮ್ಮು ಕಾದು ಬ್ರೇಕು ಹಿಡಿಯದೆ ಹೋಗುತ್ತದೆ. ಇದೆಲ್ಲ ಬಾಯಿಪಾಠದಿಂದ ಬರುವ ವಿದ್ಯೆಯಲ್ಲ. ಮೈಗೆ ಬರಬೇಕು. ಮೈಗೆ ಬರಲು ದಿನ ಬೇಕು.

1988ರ ಮೋಟಾರು ವಾಹನ ಕಾಯ್ದೆ ಸಾರಿಗೆ ವಾಹನ ಓಡಿಸುವವನಿಗೆ 20 ವರ್ಷ ತುಂಬಿರಬೇಕು, ಅದಕ್ಕೆ ಮೊದಲು ಕನಿಷ್ಠ ಒಂದು ವರ್ಷ ಲಘು ವಾಹನದ ಲೈಸೆನ್ಸ್ ಇದ್ದಿರಬೇಕು ಅನ್ನುತ್ತದೆ. ಎಂಟನೇ ಕ್ಲಾಸು ಪಾಸಾಗಿರಬೇಕೆಂಬ ನಿಯಮವೂ ಇತ್ತು. ಅದನ್ನು 2019ರಲ್ಲಿ ತೆಗೆದರು. ಸ್ಕೂಲು ಬಿಡಿಸಿ ಕೂಲಿಗೆ ಕಳಿಸಿದ ಸಮಾಜವೇ ಸ್ಕೂಲಿನ ಸರ್ಟಿಫಿಕೇಟು ಕೇಳುತ್ತಿದ್ದದ್ದು ನಿಂತಿತು, ಒಳ್ಳೆಯದೇ. ಆದರೆ ಬಾಗಿಲು ತೆರೆದ ಮೇಲೆ ಒಳಗೆ ಏನಿದೆ? ಆರ್‌ಟಿಓ ಮೈದಾನದಲ್ಲಿ ಗಾಡಿ ತಿರುಗಿಸಿ ತೋರಿಸಿದವನಿಗೆ ಸಿಗುವುದು ಓಡಿಸುವ ಪರವಾನಗಿ ಮಾತ್ರ. ಲೋಡಿನ ಗಾಡಿ, ರಾತ್ರಿ ಹೊತ್ತು, ಮಳೆಯ ಘಾಟಿ, ಇಕ್ಕಟ್ಟಿನ ಮಂಡಿ, ಇವುಗಳ ಪರೀಕ್ಷೆ ಅಲ್ಲಿಲ್ಲ. ಪರೀಕ್ಷೆ ಪಾಸಾದ ಮೇಲೆ ಪಾಠ ಶುರುವಾಗುವ ಕಸುಬು ಇದು. ಆ ಪಾಠದಲ್ಲಿ ಬಂಪರು ನೆಗ್ಗುತ್ತದೆ, ಕನ್ನಡಿ ಒಡೆಯುತ್ತದೆ, ಇಂಡಿಕೇಟರು ಪುಡಿಯಾಗುತ್ತದೆ. ಯಾರ ಮೈಗೂ ರಕ್ತ ಬರದ ಇಂಥ ಸಣ್ಣ ಅಪಘಾತಗಳನ್ನು ಕುರಿತೇ ನಾವಿಲ್ಲಿ ಮಾತಾಡುತ್ತಿರುವುದು.

ಹಿಂದೆ ಈ ಪಾಠಕ್ಕೆ ಒಂದು ಸ್ಕೂಲಾದರೂ ಇತ್ತು. ಹುಡುಗ ಕ್ಲೀನರ್ ಆಗಿ ಸೇರುತ್ತಿದ್ದ. ಬೈಗುಳ ತಿಂದು, ಟೈರು ಬದಲಿಸಿ, ಡ್ರೈವರಣ್ಣನ ಬಟ್ಟೆ ಒಗೆದು ವರ್ಷಗಟ್ಟಲೆ ಎಡಗಡೆ ಕೂತು ನೋಡುತ್ತಿದ್ದ. ಅದೂ ಒಂದು ಬಗೆಯ ಚಾಕರಿಯೇ. ಅದನ್ನು ಹೊಗಳುವ ಅಗತ್ಯವಿಲ್ಲ. ಆದರೂ ರಿವರ್ಸ್ ತಗೊಳ್ಳುವಾಗ ಹಿಂದೆ ನಿಂತು ‘ಬರ್ಲಿ, ಬರ್ಲಿ, ರೈಟ್, ಹೋಲ್ಡಾನ್’ ಅನ್ನುವ ಒಂದು ದನಿ ಇತ್ತು. ಇವತ್ತು ಎಷ್ಟೋ ಲಾರಿಗಳಲ್ಲಿ ಕ್ಲೀನರ್ ಇಲ್ಲ. ಒಂದು ಸಂಬಳ ಉಳಿಯಿತು ಅಂತ ಮಾಲೀಕ ಲೆಕ್ಕ ಹಾಕಿದ. ಹೊಸ ಡ್ರೈವರು ಕುರುಡುಗತ್ತಲಲ್ಲಿ ಒಬ್ಬನೇ ಹಿಂದಕ್ಕೆ ಬರುತ್ತಾನೆ, ಕಂಬಕ್ಕೆ ತಾಗುತ್ತದೆ. ಈಗ ಹೇಳಿ, ಆ ಕಂಬಕ್ಕೆ ಗುದ್ದಿದ್ದು ಹುಡುಗನ ಕೈಯೋ, ಮಾಲೀಕ ಉಳಿಸಿದ ಸಂಬಳವೋ?

ನಮ್ಮ ಹಳ್ಳಿಯ ರೈತನಿಗೆ ಗೊತ್ತಿರುವ ಒಂದು ವಿವೇಕ ಲಾರಿ ಧಣಿಗಳಿಗೆ ಇಲ್ಲವಾಗಿದೆ. ಹೊಸ ಹೋರಿಯನ್ನು ಪಳಗಿಸುವಾಗ ಅದನ್ನು ಹಳೇ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರೆ. ಸಾಲು ಓರೆಯಾಗುತ್ತದೆ. ಒಮ್ಮೊಮ್ಮೆ ನೇಗಿಲೂ ಮುರಿಯುತ್ತದೆ. ‘ಇನ್ನೂ ಹೊಸದು’ ಅಂತ ರೈತ ಮೈದಡವುತ್ತಾನೆ. ಹೋರಿಗೆ ಸಿಗುವ ಈ ರಿಯಾಯಿತಿ ಮನುಷ್ಯನಿಗೆ ಯಾಕೆ ಸಿಗುವುದಿಲ್ಲ? ಕಾರಣ ಸರಳ. ಹೋರಿಗೆ ರೈತ ದುಡ್ಡು ಕೊಟ್ಟಿದ್ದಾನೆ, ಓಡಿಸಿದರೆ ಅವನಿಗೇ ನಷ್ಟ. ಡ್ರೈವರನಿಗೆ ಧಣಿ ಏನೂ ಹೂಡಿಲ್ಲ. ಒಬ್ಬ ಹೋದರೆ ಲಾರಿ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ನಿಂತಿದ್ದಾನೆ. ನಿರುದ್ಯೋಗಿಗಳ ಸಾಲು ಉದ್ದವಿದ್ದಷ್ಟೂ ಕ್ಷಮೆಯ ಅಗತ್ಯ ಕಡಿಮೆಯಾಗುತ್ತದೆ.

ಏಕಲವ್ಯನ ಕತೆಯನ್ನು ನಾವು ಎಷ್ಟೋ ಸಲ ಹೇಳಿದ್ದೇವೆ. ಅದರಲ್ಲಿ ಒಂದು ಅಂಶವನ್ನು ಇಲ್ಲಿ ನೆನೆಯಬೇಕು. ದ್ರೋಣ ಅವನಿಗೆ ಒಂದು ದಿನವೂ ಕಲಿಸಲಿಲ್ಲ. ಕಲಿಸದೇ ಇದ್ದ ವಿದ್ಯೆಗೆ ದಕ್ಷಿಣೆ ಕೇಳಿದ. ಹೊಸ ಡ್ರೈವರನಿಂದ ಒಡೆದ ಕನ್ನಡಿಯ ದುಡ್ಡು ಹಿಡಿಯುವ ಧಣಿ ಮಾಡುತ್ತಿರುವುದು ಇದನ್ನೇ. ಕಲಿಸುವ ಖರ್ಚು ಅವನು ಹಾಕಲಿಲ್ಲ. ಕಲಿಯುವ ಖರ್ಚು ಮಾತ್ರ ಹುಡುಗನ ಸಂಬಳದಿಂದ ಕಿತ್ತುಕೊಳ್ಳುತ್ತಾನೆ.

*

ಈಗ ದುಡ್ಡಿನ ವಿಷಯಕ್ಕೆ ಬರೋಣ. ಲೆಕ್ಕಕ್ಕಾಗಿ ಒಂದು ಉದಾಹರಣೆ ತಗೊಳ್ಳಿ. ಡ್ರೈವರನ ಸಂಬಳ ತಿಂಗಳಿಗೆ 15,000 ರೂಪಾಯಿ ಅಂತಿಟ್ಟುಕೊಳ್ಳಿ. ಕನ್ನಡಿ, ಹಿಂದಿನ ದೀಪ, ಟಿಂಕರಿಂಗ್, ಪೇಂಟು ಸೇರಿ ಗ್ಯಾರೇಜಿನ ಬಿಲ್ಲು 6,000 ಆಯಿತು. ತಿಂಗಳಿಗೆ 2,000ದಂತೆ ಮೂರು ತಿಂಗಳು ಹಿಡಿದರು. ಕೈಗೆ ಬಂದದ್ದು 13,000. ಮನೆ ಬಾಡಿಗೆ, ರೇಷನ್ನು, ತಾಯಿಯ ಔಷಧಿ ಯಾವುದೂ 2,000 ಕಮ್ಮಿಯಾಗಲಿಲ್ಲ. ಹುಡುಗ ಅದೇ ಧಣಿಯ ಹತ್ತಿರ 5,000 ಅಡ್ವಾನ್ಸ್ ಕೇಳಿದ. ಕೊಟ್ಟರು. ಅದು ತೀರುವ ಮೊದಲೇ ಒಂದು ಟೈರು ಸಿಡಿಯಿತು. ಅದೂ ಅವನ ತಲೆಗೇ. ಈಗ ಅವನು ಕೆಲಸ ಬಿಡುತ್ತೇನೆ ಅಂದರೆ ‘ಬಾಕಿ ತೀರಿಸಿ ಹೋಗು’ ಅಂತಾರೆ. ಕೆಲವು ಕಡೆ ಲೈಸೆನ್ಸನ್ನೇ ಒತ್ತೆ ಇಟ್ಟುಕೊಳ್ಳುತ್ತಾರೆ.

ಇದಕ್ಕೆ ನಮ್ಮ ಅಪ್ಪಂದಿರು ಜೀತ ಅನ್ನುತ್ತಿದ್ದರು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಕೊಟ್ಟಿಗೆಯ ಜೀತವನ್ನು ಅಪರಾಧ ಅಂತ ಸಾರಿತು. ಸಾಲ ಕೊಟ್ಟು ದುಡಿಮೆಯನ್ನು ಕಟ್ಟಿಹಾಕುವುದು ಎಲ್ಲೇ ನಡೆದರೂ ಅದು ಜೀತವೇ. ಜೀತಕ್ಕೆ ಆರು ಚಕ್ರ ಜೋಡಿಸಿ ಹೈವೇ ಮೇಲೆ ಬಿಟ್ಟ ಮಾತ್ರಕ್ಕೆ ಅದು ಉದ್ಯೋಗ ಆಗುವುದಿಲ್ಲ. 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ಹೇಳಿತು. ಕೈಯಲ್ಲಿ ಕೋಲಿಲ್ಲದಿದ್ದರೂ ಹಸಿವೇ ಬಲವಂತ ಮಾಡಬಲ್ಲದು ಅನ್ನೋದು ಆ ತೀರ್ಪಿನ ತಿರುಳು.

ಇಲ್ಲಿ ಕೆಲಸದ ಭದ್ರತೆ ಅನ್ನೋ ಮಾತಿಗೆ ಎರಡು ಮುಖ ಇರುವುದನ್ನು ಗಮನಿಸಬೇಕು. ಬದಲಿ ಜನ ಸಿಕ್ಕಿದರೆ ಗೀರಿನ ನೆಪದಲ್ಲಿ ಹುಡುಗನನ್ನು ತೆಗೆದುಹಾಕುತ್ತಾರೆ. ಸಿಗದಿದ್ದರೆ ಅದೇ ಗೀರಿನ ಬಾಕಿಯಲ್ಲಿ ಕಟ್ಟಿಹಾಕುತ್ತಾರೆ. ಉಳಿಯುವುದು, ಹೋಗುವುದು ಎರಡೂ ಅವನ ಕೈಯಲ್ಲಿಲ್ಲ. ಭದ್ರತೆ ಅಂದರೆ ನ್ಯಾಯವಿಲ್ಲದೆ ತೆಗೆಯಬಾರದು ಅನ್ನೋದೂ ಹೌದು, ಬಿಡುವ ಸ್ವಾತಂತ್ರ್ಯ ಇರಬೇಕು ಅನ್ನೋದೂ ಹೌದು.

‘ವಿಮೆ ಇದೆಯಲ್ಲ?’ ಅಂತ ವಿದ್ಯಾರ್ಥಿ ಗೆಳೆಯರು ಕೇಳಬಹುದು. ಇದೆ. ಬೇರೆಯವರಿಗೆ ಆಗುವ ಹಾನಿಗೆ ವಿಮೆ ಮಾಡಿಸುವುದು ಕಡ್ಡಾಯ. ಸ್ವಂತ ಗಾಡಿಯ ಹಾನಿಗೂ ವಿಮೆ ಮಾಡಿಸಬಹುದು. ಆದರೆ ಒಂದು ವರ್ಷ ಕ್ಲೇಮು ಮಾಡದಿದ್ದರೆ ಮುಂದಿನ ವರ್ಷ ಆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ನೂರಕ್ಕೆ 20 ಕಡಿತ. ಸತತ ಐದು ವರ್ಷ ಮಾಡದಿದ್ದರೆ ನೂರಕ್ಕೆ 50. ಇದಕ್ಕೆ ನೋ ಕ್ಲೈಮ್ ಬೋನಸ್ ಅಂತಾರೆ. ಒಂದು ಕನ್ನಡಿಗಾಗಿ ಕ್ಲೇಮು ಮಾಡಿದರೆ ಕೂಡಿಟ್ಟ ಬೋನಸ್ಸು ಹೋಗುತ್ತದೆ. ಆದ್ದರಿಂದ ಮಾಲೀಕ ಸಣ್ಣ ಹಾನಿಗೆ ಕ್ಲೇಮು ಮಾಡುವುದಿಲ್ಲ. ಅದು ಅವನ ವ್ಯವಹಾರ, ನಮ್ಮ ತಕರಾರಿಲ್ಲ. ಆದರೆ ಬೋನಸ್ಸನ್ನು ತಾನು ಉಳಿಸಿಕೊಂಡು ಕನ್ನಡಿಯ ದುಡ್ಡನ್ನು ಡ್ರೈವರನಿಂದ ವಸೂಲು ಮಾಡಿದರೆ ಅರ್ಥವೇನು? ಧಣಿಯ ವಿಮಾ ಕಂಪನಿ ಆ ಡ್ರೈವರೇ ಅಂತ ಅರ್ಥ. ಪ್ರೀಮಿಯಂ ಕೊಡದೆ ಸಿಕ್ಕಿದ, ಕೋರ್ಟಿಗೆ ಹೋಗಲಾರದ ವಿಮಾ ಕಂಪನಿ!

*

ಕಾನೂನು ಏನು ಹೇಳುತ್ತದೆ? ಕಾನೂನು ಮಾತಾಡುತ್ತದೆ, ಆದರೆ ದೂರದಿಂದ. 1936ರ ವೇತನ ಪಾವತಿ ಕಾಯ್ದೆಯಿಂದಲೂ ಒಂದು ನಿಯಮ ಇದೆ: ಕೆಲಸಗಾರನ ವಶಕ್ಕೆ ಒಪ್ಪಿಸಿದ ಮಾಲು ನೇರವಾಗಿ ಅವನ ಅಲಕ್ಷ್ಯದಿಂದಲೇ ಹಾಳಾಗಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು, ಹಾನಿಗಿಂತ ಹೆಚ್ಚು ಹಿಡಿಯಬಾರದು, ಹಿಡಿಯುವ ಮೊದಲು ಕಾರಣ ಹೇಳಿಕೊಳ್ಳಲು ಅವನಿಗೆ ಅವಕಾಶ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ವೇತನ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧ ಮೀರಬಾರದು ಅನ್ನೋ ಮಿತಿಯೂ ಇದೆ. ಆದರೆ ‘ಕಾರಣ ಹೇಳು’ ಅಂತ ಕೂರಿಸಿ ಕೇಳಿದ ಧಣಿಯನ್ನು ಕಂಡ ಡ್ರೈವರುಗಳು ಎಷ್ಟು ಜನ? ಅವನ ವಿಚಾರಣೆ ಮುಗಿಯುವುದು ಒಂದು ಫೋನಿನಲ್ಲಿ: ‘ನಾಳೆಯಿಂದ ಬರಬೇಡ.’

ಇನ್ನೊಂದು ವಿಚಿತ್ರ ನೋಡಿ. ಕೆಲಸದಿಂದ ತೆಗೆಯುವಾಗ ನೋಟೀಸು, ಪರಿಹಾರ ಕೊಡಬೇಕೆಂಬ ರಕ್ಷಣೆ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಸಿಗುತ್ತಿದ್ದದ್ದು, ಅದರ ಜಾಗಕ್ಕೆ ಬಂದ ಸಂಹಿತೆಯಲ್ಲೂ ಸಿಗುವುದು ಒಂದು ವರ್ಷ ಸತತವಾಗಿ ದುಡಿದವನಿಗೆ. ಕನ್ನಡಿ ಒಡೆಯುವುದು, ಬಂಪರು ನೆಗ್ಗುವುದು ಹೆಚ್ಚಾಗಿ ಆ ಮೊದಲ ವರ್ಷದಲ್ಲಿ. ಕೈ ಪಳಗಿದ ಮೇಲೆ ಕಾನೂನು ಕೊಡೆ ಹಿಡಿಯುತ್ತದೆ. ಮಳೆ ಸುರಿಯುವಾಗ ಹುಡುಗ ಬಯಲಲ್ಲಿ ನಿಂತಿರುತ್ತಾನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ಅನ್ವಯಿಸುತ್ತಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನೋ ಮಿತಿ ಅದರಲ್ಲಿತ್ತು. ಅದನ್ನು ನುಂಗಿಕೊಂಡ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಗೆರೆಯನ್ನು ಹತ್ತಕ್ಕೆ ಏರಿಸಿದೆ. ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು ಅಂತ ಅದೇ ಸಂಹಿತೆ ಹೇಳುತ್ತದೆ. ಆದರೆ ಎರಡು ಲಾರಿ, ಮೂರು ಲಾರಿಯ ಮಾಲೀಕನ ಹತ್ತಿರ ದುಡಿಯುವವನು ಆ ಗೆರೆಯ ಆಚೆಗೇ ಉಳಿದ. ಊರ ಹೊರಗೆ ಇರುವುದು ನಮಗೆ ಹೊಸದಲ್ಲ. ಈಗ ಕಾಯ್ದೆಯ ಹೊರಗೂ ಇದ್ದೇವೆ.

ಸರ್ಕಾರಿ ಸಾರಿಗೆಯಲ್ಲಿ ಚಾರ್ಜ್ ಮೆಮೊ, ವಿಚಾರಣೆ, ಯೂನಿಯನ್ನು ಅಂತ ಒಂದಿಷ್ಟು ಬೇಲಿ ಇದೆ. ಅಲ್ಲಿಯೂ ಹೊಸಬನ ಬೇಲಿ ತೆಳು. 2021ರ ಏಪ್ರಿಲ್‌ನಲ್ಲಿ ಕರ್ನಾಟಕದ ಸಾರಿಗೆ ನೌಕರರು ಮುಷ್ಕರ ಹೂಡಿದಾಗ ವಜಾದ ಕತ್ತಿ ಮೊದಲು ಬಿದ್ದದ್ದು ತರಬೇತಿಯಲ್ಲಿದ್ದವರ ಮತ್ತು ಪ್ರೊಬೇಷನ್ನಿನಲ್ಲಿದ್ದವರ ಮೇಲೆ. ಬೇಲಿಯೇ ಇಲ್ಲದ ಲಾರಿ ಹುಡುಗನ ಪಾಡು ಹೇಳಬೇಕಾಗಿಲ್ಲ.

*

ನಮ್ಮ ವಾದಕ್ಕೆ ಎದುರಾಗುವ ಎರಡು ಮಾತುಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕು.

ಮೊದಲನೆಯದು: ರಸ್ತೆಯಲ್ಲಿ ಸಾಯುವವರು ಯಾರು? 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಕಾಲ್ನಡಿಗೆಯವರು, ಸೈಕಲ್ಲಿನವರು, ಬೈಕಿನವರು, ಕೂಲಿ ಮುಗಿಸಿ ಟೆಂಪೋದಲ್ಲಿ ನಿಂತು ಬರುವವರು, ಅವರೂ ನಮ್ಮವರೇ. ಡ್ರೈವರನ ಕಷ್ಟ ಹೇಳುವ ಭರದಲ್ಲಿ ಅವರ ಹೆಣ ದಾಟಿಹೋಗಲು ನಾವು ತಯಾರಿಲ್ಲ. ಕುಡಿದು ಓಡಿಸುವವನಿಗೆ, ಗುದ್ದಿ ಸಾಯಲು ಬಿಟ್ಟು ಹೋಗುವವನಿಗೆ ನಮ್ಮ ಪುಟಗಳಲ್ಲಿ ರಕ್ಷಣೆ ಇಲ್ಲ. ಕಲಿಕೆಯ ತಪ್ಪು ಬೇರೆ, ಅಲಕ್ಷ್ಯ ಬೇರೆ, ಅಪರಾಧ ಬೇರೆ. ಮೂರನ್ನೂ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ.

ಆದರೆ ಸಣ್ಣ ತಪ್ಪಿಗೆ ಅನ್ನ ಕಿತ್ತುಕೊಂಡರೆ ರಸ್ತೆ ಸುರಕ್ಷಿತವಾಗುತ್ತದೆ ಅನ್ನೋದು ತಲೆಕೆಳಗಾದ ಮಾತು. ಕೆಲಸ ಹೋಗುತ್ತದೆ ಅನ್ನೋ ಭಯ ಇರುವವನು ಏನು ಮಾಡುತ್ತಾನೆ? ನೆಗ್ಗಿದ್ದನ್ನು ಮುಚ್ಚಿಡುತ್ತಾನೆ. ‘ಬ್ರೇಕು ಸರಿಯಾಗಿ ಹಿಡೀತಿಲ್ಲ ಧಣಿ’ ಅಂತ ಹೇಳಲು ಹೆದರುತ್ತಾನೆ, ‘ನೀನೇ ಕೆಡಿಸಿದೆ’ ಅಂದಾರು ಅಂತ. ನಿದ್ದೆ ಬರುತ್ತಿದ್ದರೂ ಗಾಡಿ ನಿಲ್ಲಿಸುವುದಿಲ್ಲ, ಲೋಡು ತಡವಾದರೆ ಇನ್ನೊಬ್ಬನಿಗೆ ಟ್ರಿಪ್ಪು ಹೋಗುತ್ತದೆ ಅಂತ. ಸಣ್ಣ ಗೀರು ದೊಡ್ಡ ಅಪಘಾತದ ಮುನ್ಸೂಚನೆ. ಆ ಸೂಚನೆಯನ್ನು ಹೇಳಿದವನಿಗೇ ಶಿಕ್ಷೆಯಾದರೆ ಮುಂದೆ ಯಾರೂ ಹೇಳುವುದಿಲ್ಲ. ಗುದ್ದಿದ ಮೇಲೆ ನಿಲ್ಲದೆ ಓಡುವ ಅಭ್ಯಾಸದ ಬೇರು ಒಂದು ಕಡೆ ಜನರ ಏಟಿನ ಭಯದಲ್ಲಿದೆ, ಇನ್ನೊಂದು ಕಡೆ ಗ್ಯಾರೇಜಿನ ಮುಂದೆ ತಿಂದ ಮೊದಲ ಬೈಗುಳದಲ್ಲಿದೆ. 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಡ್ರೈವರುಗಳು ಲಾರಿ ನಿಲ್ಲಿಸಿದ್ದು ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನ ವಿರುದ್ಧ, ಅಂದರೆ ಗುದ್ದಿ ವರದಿ ಮಾಡದೆ ಓಡಿದರೆ ಹತ್ತು ವರ್ಷದವರೆಗೆ ಸಜೆ ಅನ್ನೋದರ ವಿರುದ್ಧ. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಮನ್ನು ಬಿಟ್ಟೇ ಜಾರಿ ಮಾಡಿದರು. ಓಡಬಾರದು ಅನ್ನೋದು ಸರಿ. ಆದರೆ ನಿಂತವನಿಗೆ ರಕ್ಷಣೆ ಏನು ಅಂತ ಹೇಳದೆ ಓಡಿದವನಿಗೆ ಶಿಕ್ಷೆ ಮಾತ್ರ ಹೇಳುವ ಕಾನೂನು ಅರ್ಧ ಕಾನೂನು.

ಎರಡನೆಯ ಮಾತು: ‘ಮಾಲೀಕನೂ ಬಡವನೇ.’ ಇದರಲ್ಲಿ ಸತ್ಯ ಇದೆ. ಎಷ್ಟೋ ಮಾಲೀಕರು ಒಂದೇ ಲಾರಿಯವರು. ಫೈನಾನ್ಸಿನ ಕಂತು ಕಟ್ಟಲು ಹೆಂಡತಿಯ ಒಡವೆ ಇಟ್ಟವರು. ಅವರಿಗೂ 6,000 ದೊಡ್ಡ ದುಡ್ಡು. ಆದರೆ ಅವರ ಮೇಲೆ ಯಾರಿದ್ದಾರೆ? ಬಾಡಿಗೆ ಕೊಯ್ಯುವ ಬ್ರೋಕರು, ತಡವಾದರೆ ದಂಡ ಹಾಕುವ ಕಂಪನಿ, ಬಡ್ಡಿ ಎಣಿಸುವ ಫೈನಾನ್ಸು. ಮೇಲಿನವರನ್ನು ಕೇಳಲಾರದ ಮಾಲೀಕ ಕೆಳಗಿನವನ ಕತ್ತು ಹಿಡಿಯುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಜಾತಿಯ ಏಣಿಯೂ ನಿಂತಿರುವುದು ಹೀಗೆಯೇ: ಪ್ರತಿ ಮೆಟ್ಟಿಲಿನವನೂ ಮೇಲಿನವನ ಒದೆತವನ್ನು ಕೆಳಗಿನವನಿಗೆ ದಾಟಿಸುತ್ತಾನೆ. ಯಾರು ಬಡವ ಅಂತ ಅಳೆದರೆ ನ್ಯಾಯ ತೀರ್ಮಾನವಾಗುವುದಿಲ್ಲ. ಲಾಭ ಯಾರ ಕೈಗೆ ಹೋಗುತ್ತದೋ ಅಪಾಯವೂ ಅವರ ತಲೆಗೇ ಹೋಗಬೇಕು. ಆ ಟ್ರಿಪ್ಪು ಸುಸೂತ್ರವಾಗಿ ಮುಗಿದಿದ್ದರೆ ಲಾಭದಲ್ಲಿ ಡ್ರೈವರನಿಗೆ ಪಾಲು ಇತ್ತೇ? ಇಲ್ಲ, ಅವನಿಗೆ ಸಂಬಳ, ಬಾಟಾ ಅಷ್ಟೇ. ಲಾಭದಲ್ಲಿ ಪಾಲಿಲ್ಲದವನಿಗೆ ನಷ್ಟದಲ್ಲಿ ಪಾಲು ಯಾವ ಧರ್ಮ?

ಬಾಬಾಸಾಹೇಬರು 1947ರಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಬರೆದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಮನವಿಯಲ್ಲಿ ಇದೇ ಜಾಗಕ್ಕೆ ಬೆರಳಿಟ್ಟಿದ್ದರು. ಕೆಲಸ ಇಲ್ಲದವನಿಗೆ ಮೂಲಭೂತ ಹಕ್ಕುಗಳಿಂದ ಏನು ಪ್ರಯೋಜನ, ಹೊಟ್ಟೆಗಾಗಿ ಅವನು ಹೊತ್ತುಗೊತ್ತಿಲ್ಲದ ದುಡಿಮೆಯನ್ನೂ ಸಂಘ ಕಟ್ಟಬಾರದೆಂಬ ಷರತ್ತನ್ನೂ ಒಪ್ಪಿಕೊಳ್ಳುತ್ತಾನಲ್ಲ ಅಂತ ಅವರು ಕೇಳಿದರು. ರಾಜ್ಯದ ಆಳ್ವಿಕೆಯಿಂದ ಬಿಡಿಸಿಕೊಂಡ ಸ್ವಾತಂತ್ರ್ಯ ಖಾಸಗಿ ಧಣಿಯ ಸರ್ವಾಧಿಕಾರವಾಗಬಾರದು ಅನ್ನೋದು ಅವರ ಎಚ್ಚರಿಕೆ. ಗೀರು ಬಿದ್ದ ಲಾರಿಯ ಪಕ್ಕ ತಲೆ ಬಗ್ಗಿಸಿ ನಿಂತ ಹುಡುಗನಿಗೆ ಮಾತಾಡುವ ಹಕ್ಕನ್ನು ಸಂವಿಧಾನ ಕೊಟ್ಟಿದೆ. ಮಾತಾಡಿದರೆ ನಾಳೆಯ ಅನ್ನ ಇಲ್ಲ ಅನ್ನೋದನ್ನು ಧಣಿ ಕಲಿಸಿದ್ದಾನೆ.

*

ಹಾಗಾದರೆ ಏನು ಕೇಳಬೇಕು? ನಮ್ಮ ಬೇಡಿಕೆಗಳು ಸ್ವರ್ಗದವಲ್ಲ. ಒಂದು ಲಾರಿಯಿದ್ದರೂ ನೇಮಕಾತಿ ಪತ್ರ ಬರೆದುಕೊಡಬೇಕು. ಹೊಸ ಡ್ರೈವರನ ಪಕ್ಕ ಮೊದಲ ಕೆಲವು ತಿಂಗಳು ಅನುಭವಸ್ಥ ಇರಬೇಕು, ರೈತ ಹೋರಿಗೆ ಕೊಡುವಷ್ಟು. ಯಾರಿಗೂ ಗಾಯವಾಗದ ಸಣ್ಣ ಹಾನಿಯನ್ನು ವ್ಯಾಪಾರದ ಖರ್ಚು ಅಂತ ಬರೆಯಬೇಕು, ಡೀಸೆಲ್ಲಿನ ಹಾಗೆ, ಟೋಲಿನ ಹಾಗೆ. ಬರವಣಿಗೆಯ ವಿಚಾರಣೆ ಇಲ್ಲದೆ ಸಂಬಳ ಹಿಡಿಯಬಾರದು, ಕೆಲಸದಿಂದ ತೆಗೆಯಬಾರದು. ಲೈಸೆನ್ಸ್ ಒತ್ತೆ ಇಟ್ಟುಕೊಳ್ಳಬಾರದು. ಮತ್ತೆ ಮತ್ತೆ ತಪ್ಪುವವನನ್ನು ಬೀದಿಗೆ ತಳ್ಳುವ ಮೊದಲು ಮತ್ತೆ ಕಲಿಸಬೇಕು. ಕಲಿಸಿದರೂ ಆಗದಿದ್ದರೆ ಸ್ಟೇರಿಂಗ್ ಬಿಡಿಸುವುದು ಅವನಿಗೂ ರಸ್ತೆಗೂ ಒಳ್ಳೆಯದು. ಅದನ್ನು ಅವಮಾನ ಮಾಡದೆ, ಬಾಕಿ ಹೊರಿಸದೆ ಮಾಡಬಹುದು. 2024ರಲ್ಲಿ ಕರ್ನಾಟಕ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಒಂದು ಕಾಯ್ದೆ ಮಾಡಿದೆ. ಸತ್ತ ಡ್ರೈವರನ ಮನೆಗೆ ಪರಿಹಾರ ಸಿಗಲೇಬೇಕು. ಬದುಕಿರುವ ಡ್ರೈವರನ ಕೆಲಸಕ್ಕೂ ಭದ್ರತೆ ಸಿಗಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ ಇಲ್ಲಿ ಒಂದು ಕೆಲಸ ಇದೆ. ನಿಮ್ಮ ಹತ್ತಿರ ಓದಿ ಅರ್ಧಕ್ಕೆ ಬಿಟ್ಟ ಹುಡುಗ ಇವತ್ತು ಲಾರಿ ಓಡಿಸುತ್ತಿದ್ದಾನೆ. ಗೀರು ಬಿದ್ದ ದಿನ ಅವನಿಗೆ ಬೇಕಾದ್ದು ಉಪದೇಶವಲ್ಲ. ಒಂದು ಬಿಳಿ ಹಾಳೆಯಲ್ಲಿ ಅವನ ಕಡೆಯ ಮಾತು ಬರೆದುಕೊಡಿ: ಎಷ್ಟು ಗಂಟೆಯಿಂದ ನಿದ್ದೆ ಇರಲಿಲ್ಲ, ಹಿಂದೆ ನಿಂತು ಹೇಳುವವರು ಇದ್ದರೋ ಇಲ್ಲವೋ, ಆ ಜಾಗಕ್ಕೆ ಅವನು ಎಷ್ಟನೇ ಸಲ ಹೋದದ್ದು, ಬ್ರೇಕಿನ ಬಗ್ಗೆ ಮೊದಲೇ ಹೇಳಿದ್ದನೋ. ತಾರೀಖು ಹಾಕಿಸಿ, ಸಹಿ ಮಾಡಿಸಿ, ಒಂದು ಪ್ರತಿ ಅವನ ಜೇಬಿಗೆ ಹಾಕಿ. ಸಂಬಳ ಹಿಡಿದರೆ ಆ ಹಾಳೆ ಹಿಡಿದುಕೊಂಡು ಲೇಬರ್ ಇನ್ಸ್‌ಪೆಕ್ಟರ ಕಚೇರಿಗೆ ಅವನ ಜೊತೆ ನಡೆಯಿರಿ. ಒಬ್ಬನೇ ಹೋದರೆ ಅವನನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಹತ್ತು ಜನ ಡ್ರೈವರುಗಳು ಒಟ್ಟಿಗೆ ಹೋದರೆ ಕುರ್ಚಿ ಹಾಕುತ್ತಾರೆ.